ಇ-ಸಿಗರೇಟಿನ ಬಿಸಿಯ ಲೆಕ್ಕ

ವಿದ್ಯುಚ್ಛಕ್ತಿಯನ್ನು ಅಳೆದು ಬಳಸಲು ಕಲಿತದ್ದು ಮನುಷ್ಯನ ದೊಡ್ಡ ಗೆಲುವುಗಳಲ್ಲೊಂದು. ಫ್ಯಾನಿನ ರೆಗ್ಯುಲೇಟರನ್ನು ತಿರುಗಿಸಿ ಬೇಕಾದಷ್ಟು ಗಾಳಿಯನ್ನೂ, ಇಸ್ತ್ರಿಪೆಟ್ಟಿಗೆಯ ಗುಂಡಿಯನ್ನು ತಿರುಗಿಸಿ ಬಟ್ಟೆಗೆ ತಕ್ಕ ಬಿಸಿಯನ್ನೂ ನಾವು ಪಡೆಯುತ್ತೇವೆ. ಇಂಥದೇ ಗುಂಡಿ ಇ-ಸಿಗರೇಟು ಅಥವಾ ವೇಪ್ ಎಂಬ ಪುಟ್ಟ ಉಪಕರಣದಲ್ಲಿಯೂ ಉಂಟು. ಇಸ್ತ್ರಿಪೆಟ್ಟಿಗೆಯ ಬಿಸಿ ಮೀರಿದರೆ ಬಟ್ಟೆ ಸುಟ್ಟು ಕಣ್ಣಿಗೆ ಕಾಣುತ್ತದೆ. ಇ-ಸಿಗರೇಟಿನ ಬಿಸಿ ಮೀರಿದಾಗ ಏನಾಗುತ್ತದೆ?

ತುಮಕೂರು ಸೀಮೆಗೆ ತಂಬಾಕಿನ ಪರಿಚಯ ಹೊಸದಲ್ಲ. ನಗರದ ಎಷ್ಟೋ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟಿ ಸಂಸಾರ ಸಾಗಿಸುತ್ತ ಬಂದಿದ್ದಾರೆ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳ ಜಗಲಿಯ ಮೇಲೆ ಬೀಡಿ ಸೇದುವ ಹಿರಿಯರನ್ನು ಕಾಣದವರು ವಿರಳ. ಬೀಡಿಗೆ ಹೊಗೆಯುಂಟು, ನಾತವುಂಟು, ಕೆಮ್ಮುಂಟು. ಸೇದುತ್ತ ಹೋದರೆ ಅದು ಬೆರಳಿನ ಬಳಿಗೆ ಬಂದು ಮುಗಿದೂ ಹೋಗುತ್ತದೆ. ಇವೆಲ್ಲವೂ ಒಂದು ಬಗೆಯ ಎಚ್ಚರಿಕೆಗಳೇ. ಈ ಎಚ್ಚರಿಕೆಗಳು ಇ-ಸಿಗರೇಟಿನಲ್ಲಿ ಒಂದೊಂದಾಗಿ ಹೇಗೆ ಮರೆಯಾಗುತ್ತವೆಂಬುದನ್ನು ನೋಡೋಣ.

ಬ್ಯಾಟರಿಯಿಂದ ಕಾಯುವ, ಹೊಗೆಯಿಲ್ಲದ ಸಿಗರೇಟಿಗೆ ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ ಎಂಬಾತನು 1965ರಲ್ಲಿಯೇ ಪೇಟೆಂಟ್ ಪಡೆದಿದ್ದನು. ಆದರೆ ಇಂದಿನ ಇ-ಸಿಗರೇಟಿನ ಮೂಲವು 2003ರಲ್ಲಿ ಚೀನದ ಔಷಧಶಾಸ್ತ್ರಜ್ಞ ಹಾನ್ ಲಿಕ್ ರೂಪಿಸಿದ ಉಪಕರಣ. ಇದರ ರಚನೆ ಸರಳ. ಒಂದು ಲಿಥಿಯಂ ಬ್ಯಾಟರಿ, ಒಂದು ಲೋಹದ ತಂತಿಸುರುಳಿ, ಅದಕ್ಕೆ ತಗುಲಿದ ಬತ್ತಿ ಮತ್ತು ದ್ರವದ ಪುಟ್ಟ ಪಾತ್ರೆ. ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರೀನು, ಪರಿಮಳದ್ರವ್ಯ ಮತ್ತು ಸಾಮಾನ್ಯವಾಗಿ ನಿಕೊಟಿನ್ ಇರುತ್ತವೆ. ಸುರುಳಿ ಕಾದೊಡನೆ ಬತ್ತಿಯಲ್ಲಿನ ದ್ರವವು ಆವಿಯಾಗಿ, ಕೂಡಲೇ ತಣಿದು, ಮಂಜಿನಂತಹ ಸೂಕ್ಷ್ಮ ಹನಿಗಳಾಗಿ ಶ್ವಾಸಕೋಶವನ್ನು ಸೇರುತ್ತದೆ.

ಬಿಸಿಯ ಲೆಕ್ಕವು ಹೈಸ್ಕೂಲಿನ ಪಾಠವೇ. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೆ ವಾಟ್ ದೊರೆಯುತ್ತದೆ. 2 ಓಮ್ ರೋಧದ ಸುರುಳಿಗೆ 3.3 ವೋಲ್ಟ್ ಕೊಟ್ಟರೆ ಸುಮಾರು 5.4 ವಾಟ್; 5 ವೋಲ್ಟ್ ಕೊಟ್ಟರೆ 12.5 ವಾಟ್. ವೋಲ್ಟೇಜು ಒಂದೂವರೆ ಪಟ್ಟು ಏರಿದರೆ ಶಕ್ತಿಯು 2.3 ಪಟ್ಟು ಏರಿತು! ಗುಂಡಿಯನ್ನು ಸ್ವಲ್ಪವೇ ತಿರುಗಿಸಿದೆನೆಂದುಕೊಂಡವನು ಬಿಸಿಯನ್ನು ಇಮ್ಮಡಿಗಿಂತ ಹೆಚ್ಚಿಸಿರುತ್ತಾನೆ. ಶಕ್ತಿ ಏರಿದಂತೆ ಒಂದೇ ಗುಟುಕಿನಲ್ಲಿ ಹೆಚ್ಚು ದ್ರವ ಆವಿಯಾಗಿ, ಹೆಚ್ಚು ನಿಕೊಟಿನ್ ಒಳಸೇರುತ್ತದೆ. ಸೀಸೆಯ ಮೇಲೆ ಬರೆದ ಪ್ರಮಾಣವೊಂದರಿಂದಲೇ ಸೇದುವವನಿಗೆ ತಾನು ಎಷ್ಟು ನಿಕೊಟಿನ್ ಸೇವಿಸಿದೆನೆಂಬುದು ತಿಳಿಯದು.

ಇನ್ನು ರಸಾಯನಶಾಸ್ತ್ರದ ಕಡೆಗೆ ತಿರುಗೋಣ. ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ತೆಂಗಿನ ತೋಟಗಳು ಪ್ರಸಿದ್ಧ. ಕೊಬ್ಬರಿ ಎಣ್ಣೆಯಲ್ಲಿ ಗ್ಲಿಸರೀನು ಕೊಬ್ಬಿನಾಮ್ಲಗಳೊಡನೆ ಬೆಸೆದುಕೊಂಡಿರುತ್ತದೆ. ಬಾಣಲೆಯ ಎಣ್ಣೆ ಮಿತಿಮೀರಿ ಕಾದಾಗ ಕಣ್ಣುರಿಸುವ ಘಾಟು ಏಳುವುದನ್ನು ಎಲ್ಲರೂ ಬಲ್ಲರು. ಆ ಘಾಟಿಗೆ ಮುಖ್ಯ ಕಾರಣ, ಗ್ಲಿಸರೀನು ಒಡೆದು ಹುಟ್ಟುವ ಅಕ್ರೋಲೀನ್. ಇ-ಸಿಗರೇಟಿನ ಸುರುಳಿ ಅತಿಯಾಗಿ ಕಾದಾಗಲೂ ಇದೇ ಆಗುತ್ತದೆ. ಜೊತೆಗೆ ಫಾರ್ಮಾಲ್ಡಿಹೈಡ್ ಕೂಡ ಹುಟ್ಟುತ್ತದೆ. ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಶಾಲೆಯಲ್ಲಿ ಜೀವಿಗಳ ಮಾದರಿಗಳನ್ನು ಕೆಡದಂತೆ ಇಡುವ ಫಾರ್ಮಲಿನ್ ಇದರ ದ್ರಾವಣವೇ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿತು.

ಅಮೆರಿಕದ ಪೋರ್ಟ್‌ಲೆಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. 3.3 ವೋಲ್ಟಿನಲ್ಲಿ ಫಾರ್ಮಾಲ್ಡಿಹೈಡನ್ನು ಬಿಡುಗಡೆ ಮಾಡುವ ಸಂಯುಕ್ತಗಳು ಪತ್ತೆಯಾಗಲಿಲ್ಲ. 5 ವೋಲ್ಟಿನಲ್ಲಿ ಪತ್ತೆಯಾದವು. ಅಷ್ಟು ಬಿಸಿಯಲ್ಲಿ ಸೀದ ರುಚಿ ಬಂದು ಸೇದುವವನು ತಾನೇ ನಿಲ್ಲಿಸುತ್ತಾನೆಂದು ಇತರ ವಿಜ್ಞಾನಿಗಳು ಆಕ್ಷೇಪಿಸಿದರು. ಆಕ್ಷೇಪವು ವಿಚಾರಾರ್ಹವೇ. ಆದರೆ ಅದನ್ನು ಒಪ್ಪಿದರೂ ವಿಷದಿಂದ ಕಾಯಲು ನಮಗೆ ಉಳಿಯುವ ಉಷ್ಣಮಾಪಕ ನಾಲಗೆಯೊಂದೇ!

ಆಮೇಲೆ ಬಂದ ‘ಪಾಡ್’ ಮಾದರಿಗಳು ಇನ್ನೂ ಸುಲಭ. ಎಷ್ಟೋ ಪಾಡ್‌ಗಳಲ್ಲಿ ಗುಂಡಿಯೇ ಇಲ್ಲ; ಉಸಿರೆಳೆದೊಡನೆ ಸುರುಳಿ ತಾನೇ ಕಾಯುತ್ತದೆ. ನಿಕೊಟಿನ್ನಿಗೆ ಆಮ್ಲವನ್ನು ಬೆರೆಸಿ ಲವಣವಾಗಿಸುವುದರಿಂದ ಗಂಟಲಿನ ಉರಿಯೂ ತಗ್ಗುತ್ತದೆ. ಹಣ್ಣಿನ ಪರಿಮಳ ನಾತದ ಸ್ಥಾನವನ್ನು ಪಡೆಯುತ್ತದೆ. ಬೀಡಿಯ ಕೆಂಡದಂತೆ ಇಲ್ಲಿ ತಂಬಾಕು ಉರಿಯುವುದಿಲ್ಲವಾದ್ದರಿಂದ ಟಾರು ಇಲ್ಲವೆಂಬುದು ನಿಜ. ಆದರೆ ಚಟವನ್ನು ಹುಟ್ಟಿಸುವುದು ನಿಕೊಟಿನ್. ಮೆದುಳಿನ ಬೆಳವಣಿಗೆ ಸುಮಾರು 25ನೆಯ ವಯಸ್ಸಿನವರೆಗೂ ಸಾಗುತ್ತದೆ. ಆ ಅವಧಿಯಲ್ಲಿ ನಿಕೊಟಿನ್ ಗಮನಶಕ್ತಿಗೂ ಕಲಿಕೆಗೂ ಕೆಡುಕು ಮಾಡಬಲ್ಲದು.

ಕರ್ನಾಟಕ ಸರ್ಕಾರವು 2016ರಲ್ಲಿಯೇ ಇ-ಸಿಗರೇಟಿನ ಮಾರಾಟವನ್ನು ನಿಷೇಧಿಸಿತು. ಕೇಂದ್ರ ಸರ್ಕಾರವು 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಹೊರಡಿಸಿತು. ಡಿಸೆಂಬರಿನಲ್ಲಿ ಅದು ಅಧಿನಿಯಮವಾಯಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ನಿಷಿದ್ಧ. ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಉಂಟು. ಹೀಗಿರುವಾಗ ಕಳ್ಳದಾರಿಯಿಂದ ಬಂದ ಉಪಕರಣದ ಪರದೆಯ ಮೇಲಿನ ವಾಟಿಗಾಗಲಿ, ದ್ರವದ ಚೀಟಿಯ ಮೇಲಿನ ಅಂಕಿಗಾಗಲಿ ಹೊಣೆಗಾರರು ಯಾರೂ ಇರುವುದಿಲ್ಲ.

ಗುಬ್ಬಿಯಿಂದಲೋ ಕುಣಿಗಲ್ಲಿನಿಂದಲೋ ತುಮಕೂರಿನ ಕಾಲೇಜಿಗೆ ಬರುವ ವಿದ್ಯಾರ್ಥಿಗೆ ಗೆಳೆಯನೊಬ್ಬನು “ಬರೀ ಆವಿ ಕಣೋ” ಎಂದು ಇಂಥದೊಂದನ್ನು ನೀಡಬಹುದು. ಆಗ ಸುರುಳಿಯ ರೋಧವೆಷ್ಟು, ವೋಲ್ಟೇಜೆಷ್ಟು, ದ್ರವದಲ್ಲಿರುವುದೇನು ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ನೀಡಿದವನಿಗೂ ಉತ್ತರ ತಿಳಿದಿರುವುದು ಅಪರೂಪ. ಉತ್ತರವಿಲ್ಲದ್ದನ್ನು ಉಸಿರಿನೊಳಗೆ ಬಿಟ್ಟುಕೊಳ್ಳದಿರುವುದೇ ವಿಜ್ಞಾನದ ವಿದ್ಯಾರ್ಥಿಗೆ ಒಪ್ಪುವ ನಡತೆ. ಈಗಾಗಲೇ ಚಟಕ್ಕೆ ಸಿಕ್ಕವರು ನಾಚಬೇಕಾಗಿಲ್ಲ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಹಣ ತೆರದೆ ಕರೆಮಾಡಬಹುದು.