ಕೂಡಿಡುವ ವಿದ್ಯೆ

ನಿಂತ ನೆಲವು ಇದ್ದಕ್ಕಿದ್ದಂತೆ ಬಾಯ್ದೆರೆಯುವ ವಿಪತ್ತು ನರಗುಂದ ಪಟ್ಟಣದ ಹಳೆಯ ಓಣಿಗಳ ನಿವಾಸಿಗಳಿಗೆ ಈಚಿನ ವರ್ಷಗಳಲ್ಲಿ, ವಿಶೇಷವಾಗಿ 2019ರ ಅತಿವೃಷ್ಟಿಯ ತರುವಾಯ, ಪರಿಚಿತವಾಗಿಬಿಟ್ಟಿದೆ. ಒಮ್ಮೆ ಪಡಸಾಲೆಯ ಹಾಸುಗಲ್ಲು ಕುಸಿಯುತ್ತದೆ, ಇನ್ನೊಮ್ಮೆ ಓಣಿಯ ನಡುವೆಯೇ ಆಳಾಳದ ಗುಂಡಿಯೊಂದು ಕಾಣಿಸಿಕೊಳ್ಳುತ್ತದೆ. ಇಣಿಕಿ ನೋಡಿದರೆ ಒಳಗೆ ಮನುಷ್ಯನ ಕೈಯೇ ಕೊರೆದುದೆಂದು ತೋರುವ ದುಂಡಗಿನ ಗೋಡೆ. ಪರೀಕ್ಷಿಸಲು ಬಂದ ಭೂವಿಜ್ಞಾನಿಗಳು ಎರಡು ಕಾರಣಗಳನ್ನು ಮುಂದಿಟ್ಟರು: ಒಂದು, ಮೇಲಕ್ಕೇರಿ ಬಂದಿರುವ ಅಂತರ್ಜಲ, ಮತ್ತೊಂದು, ಮನೆಗಳ ಅಡಿಯಲ್ಲಿ ಮರೆತುಹೋಗಿರುವ ಹಳೆಯ ಹಗೇವುಗಳು. ಮಾನವನ ನಾಗರಿಕತೆಯನ್ನು ವಿಜ್ಞಾನವೂ ಯಂತ್ರಕೌಶಲವೂ ಹೇಗೆ ರೂಪಿಸಿದುವೆಂಬ ದೊಡ್ಡ ಪ್ರಶ್ನೆಯನ್ನು ಈ ಗುಂಡಿಗಳ ಅಂಚಿನಲ್ಲಿ ನಿಂತು ಕೇಳುವುದು ಉಚಿತವೆಂದು ನನ್ನ ಭಾವನೆ.

ಹಗೇವನ್ನು ಕಾಣದ ಇಂದಿನ ಓದುಗನಿಗಾಗಿ ಅದರ ರಚನೆಯನ್ನು ತುಸು ವಿವರವಾಗಿಯೇ ಹೇಳಬೇಕಾಗುವುದು. ಗಟ್ಟಿಯಾದ ಗರಸು ನೆಲವನ್ನು ಆಯ್ದು, ಒಬ್ಬ ಮನುಷ್ಯನು ಇಳಿಯುವಷ್ಟೇ ಅಗಲದ ಬಾಯಿಂದ ತೊಡಗಿ, ಕೆಳಗಿಳಿದಂತೆಲ್ಲ ಗಡಿಗೆಯ ಹೊಟ್ಟೆಯ ಹಾಗೆ ವಿಸ್ತಾರವಾಗುವಂತೆ ತೋಡಿ, ತಳಕ್ಕೂ ಗೋಡೆಗಳಿಗೂ ಒಣಗಿದ ಕಣಿಕೆಯನ್ನೂ ಹೊಟ್ಟನ್ನೂ ಒತ್ತಾಗಿ ಹೊದಿಸಿ, ಬಿಳಿಜೋಳವನ್ನು ಕಂಠದವರೆಗೆ ತುಂಬಿ, ಬಾಯಿಗೆ ಕಲ್ಲುಚಪ್ಪಡಿಯನ್ನಿಟ್ಟು ಮೇಲೆ ಮಣ್ಣು ಮೆತ್ತುತ್ತಿದ್ದರು. ಧಾನ್ಯವು ನಿರ್ಜೀವ ವಸ್ತುವಲ್ಲ, ಅದೂ ಉಸಿರಾಡುವುದು. ಮುಚ್ಚಿದ ಗುಂಡಿಯೊಳಗೆ ಧಾನ್ಯವೂ ಅದರೊಡನೆ ಸೇರಿದ ಹುಳುಗಳೂ ಉಸಿರಾಡಿ ಉಸಿರಾಡಿ ಆಮ್ಲಜನಕವನ್ನು ತೀರಿಸಿಬಿಡುವುವು. ಆ ಸ್ಥಾನವನ್ನು ಇಂಗಾಲದ ಡೈಆಕ್ಸೈಡು ಆಕ್ರಮಿಸುವುದು. ಹುಳುಗಳು ಸಾಯುವುವು, ಕಾಳು ಉಳಿಯುವುದು. ಹಗೇವು ತೆಗೆಯುವ ದಿನ ಅನುಭವಿಗಳು ಮೊದಲು ಬಾಯನ್ನು ತೆರೆದಿಟ್ಟು ಬಹಳ ಹೊತ್ತು ಕಾಯುತ್ತಿದ್ದರು, ಬಳಿಕ ಹಗ್ಗಕ್ಕೆ ಕಟ್ಟಿದ ದೀಪವನ್ನು ಒಳಗೆ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ಈ ಎಚ್ಚರಿಕೆಯನ್ನು ಮರೆತು ಇಳಿದು ಪ್ರಾಣ ನೀಗಿದವರೂ ಉಂಟು. ಬಿತ್ತನೆಯ ಬೀಜವನ್ನಾದರೋ ಹಗೇವಿಗೆ ಹಾಕದೆ, ಬೂದಿ ಬೆರೆಸಿ ಗಡಿಗೆಗಳಲ್ಲಿ ಬೇರೆಯಾಗಿಯೇ ಇಡುತ್ತಿದ್ದರು, ಏಕೆಂದರೆ ಗುಂಡಿಯಲ್ಲಿ ದೀರ್ಘಕಾಲ ಇದ್ದ ಕಾಳು ಉಣ್ಣಲು ಬಂದರೂ ಮೊಳೆಯಲು ಬಾರದೆಂಬುದು ಅವರಿಗೆ ತಿಳಿದಿದ್ದಿತು.

ಪ್ರೀಸ್ಟ್ಲಿ, ಲವಾಸಿಯೆ ಮೊದಲಾದವರು 1770ರ ದಶಕದಲ್ಲಿ ಪ್ರಾಣವಾಯುವಿನ ಸ್ವರೂಪವನ್ನು ಪ್ರಯೋಗಶಾಲೆಯಲ್ಲಿ ನಿರ್ಣಯಿಸುವುದಕ್ಕೆ ಮುಂಚೆಯೇ ನಮ್ಮವರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಇದರಿಂದ ಬೀಗುವವರು ಇದ್ದಾರೆ. ನಾನು ಆ ಪಂಗಡಕ್ಕೆ ಸೇರಿದವನಲ್ಲ. ಕಾರ್ಯವನ್ನು ಬಲ್ಲವರು ಕಾರಣವನ್ನು ಬಲ್ಲವರೆಂದು ಹೇಳಲಾಗದು, ಮತ್ತು ಕಾರಣ ತಿಳಿಯದ ವಿದ್ಯೆ ತಾನು ಹುಟ್ಟಿದ ಊರನ್ನು ಬಿಟ್ಟು ದೂರ ಹೋಗಲಾರದು. ಗಾಳಿಯಾಡದ ಚೀಲಗಳಲ್ಲಿ ಕಾಳನ್ನು ಕಾಪಾಡುವ ಇಂದಿನ ವಿಧಾನವು ಹಗೇವಿನ ತತ್ತ್ವವನ್ನೇ ಅನುಸರಿಸುವುದಾದರೂ, ಆ ತತ್ತ್ವವನ್ನು ಬಿಡಿಸಿ ಬರೆದಿಟ್ಟುದರಿಂದಲೇ ಅದು ಗರಸು ನೆಲವಿಲ್ಲದ ದೇಶಗಳಿಗೂ ಸಂದಿತು.

ಸಮೃದ್ಧಿಯ ಕಾಲದ ಹೆಚ್ಚುವರಿಯನ್ನು ಅಭಾವದ ಕಾಲಕ್ಕೆ ಸಾಗಿಸುವುದೇ ನಾಗರಿಕತೆಯ ಮೂಲವಿದ್ಯೆಯೆಂದು ನನಗೆ ತೋರುತ್ತದೆ. ಗಜೇಂದ್ರಗಡಕ್ಕೆ ಸಮೀಪದ ಸೂಡಿಯಲ್ಲಿ, ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ಅಕ್ಕಾದೇವಿಯು ಕಿಸುಕಾಡು ಎಪ್ಪತ್ತನ್ನು ಆಳಿದ ಊರಿನಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನಾಗಕುಂಡವನ್ನು ನೋಡಿದವರಿಗೆ ಕಾಳಿಗೆ ಹಗೇವು ಮಾಡಿದುದನ್ನೇ ನೀರಿಗೆ ಈ ಕುಂಡ ಮಾಡುತ್ತಿದ್ದಿತೆಂಬುದು ಹೊಳೆಯದಿರದು. ಕೂಡಿಟ್ಟುದರ ಮೇಲೆ ಹಿಡಿತ ಯಾರದೆಂಬ ಪ್ರಶ್ನೆಯೂ ಅಂದಿನಿಂದಲೇ ಹುಟ್ಟಿತು. ಗೌಡರ ಹಗೇವಿನಲ್ಲಿ ಜೋಳ ತುಂಬಿದ್ದರೂ ಹೊಲೆಗೇರಿಯ ಒಲೆ ಹೊತ್ತದ ಬರಗಳು ಈ ಸೀಮೆಗೆ ಹೊಸವಲ್ಲ.

1876ರಿಂದ 1878ರವರೆಗಿನ ಮಹಾಕ್ಷಾಮವು ಆ ವ್ಯವಸ್ಥೆಯ ಮಿತಿಯನ್ನು ಕ್ರೂರವಾಗಿ ತೋರಿಸಿಕೊಟ್ಟಿತು. ಅದರ ಬೆನ್ನಿಗೇ 1882ರಲ್ಲಿ ಸದರನ್ ಮರಾಠಾ ರೈಲ್ವೆ ಕಂಪನಿಯು ಸ್ಥಾಪಿತವಾಗಿ, ಕ್ಷಾಮನಿವಾರಣೆಯ ಮಾರ್ಗಗಳೆಂಬ ಹೆಸರಿನಲ್ಲಿ ಹಳಿಗಳು ಹಾಸಲ್ಪಟ್ಟುವು. ಗದುಗಿನಿಂದ ಹೊಟಗಿಗೆ ಹೋಗುವ ದಾರಿಯು ಮಲ್ಲಾಪುರ, ಹೊಳೆಆಲೂರುಗಳ ಮೇಲೆ ರೋಣದ ಎರೆಸೀಮೆಯನ್ನು ಹಾದುಹೋಯಿತು. ಒಂದೆಡೆಯ ಧಾನ್ಯ ಇನ್ನೊಂದೆಡೆಗೆ ಕೆಲವೇ ದಿನಗಳಲ್ಲಿ ತಲಪುವಂತಾದ ಮೇಲೆ ಮನೆಯ ನೆಲದಡಿಯಲ್ಲಿ ವರ್ಷಗಳ ಜೋಳವನ್ನು ಹೂಳಿಡುವ ಅಗತ್ಯವು ಕ್ರಮೇಣ ಕುಗ್ಗಿತು. ಆದರೆ ಧಾನ್ಯವನ್ನು ತರುವ ಹಳಿಯೇ ಧಾನ್ಯವನ್ನು ಒಯ್ಯಲೂ ಬಲ್ಲದಷ್ಟೆ. ಹಳಿ ಬರುವುದಕ್ಕೆ ಮುಂಚೆಯೇ, 1861ರಿಂದ 1865ರವರೆಗೆ ಅಮೆರಿಕದಲ್ಲಿ ನಡೆದ ಅಂತರ್ಯುದ್ಧದ ಕಾಲದಲ್ಲಿ ಲ್ಯಾಂಕಶೈರಿನ ಗಿರಣಿಗಳಿಗೆ ಅರಳೆ ದೊರೆಯದೆ ಧಾರವಾಡ ಸೀಮೆಯ ಹತ್ತಿಗೆ ಅಪೂರ್ವವಾದ ಬೆಲೆ ಬಂದಿದ್ದಿತು. ಅಂದಿನಿಂದ ಎರೆ ಹೊಲದ ಒಕ್ಕಲಿಗನು ತನ್ನ ಹಿಂಗಾರಿಯ ಲೆಕ್ಕದಲ್ಲಿ ಸಮುದ್ರದಾಚೆಯ ಪೇಟೆಯನ್ನೂ ಸೇರಿಸಿಕೊಳ್ಳಬೇಕಾಯಿತು. ಹಗೇವುಗಳು ಬರಿದಾದುವು, ಬಾಯಿ ಮುಚ್ಚಿದುವು, ಅವುಗಳ ಮೇಲೆ ಗೋಡೆಗಳು ಎದ್ದುವು. ಎಲ್ಲೆಲ್ಲಿ ಇದ್ದುವೆಂಬುದನ್ನು ಹಿರಿಯರ ನೆನಪಲ್ಲದೆ ಬೇರೊಂದು ದಾಖಲೆ ಕಾಪಾಡಲಿಲ್ಲ.

ಕೂಡಿಡುವ ವಿದ್ಯೆಯು ಈ ಸೀಮೆಯಲ್ಲಿ ತಾಳಿದ ಅತ್ಯಂತ ಬೃಹತ್ತಾದ ರೂಪವೆಂದರೆ ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು. 1970ರ ದಶಕದ ಆದಿಭಾಗದಲ್ಲಿ ಸಿದ್ಧವಾದ ಈ ರೇಣುಕಾಸಾಗರದ ಸಾಮರ್ಥ್ಯ 37.73 ಟಿಎಂಸಿ, ಕಣಕುಂಬಿಯ ಮಲೆಯಲ್ಲಿ ಬಿದ್ದ ಮಳೆಯು ಬಲದಂಡೆ ಕಾಲುವೆಯ ಮೂಲಕ, ಮಳೆಯನ್ನೇ ನಂಬಿ ಬದುಕಿದ್ದ ನರಗುಂದದ ಎರೆಗೆ ಹರಿದು ಬಂದಿತು. ಅದೇ ಹೊತ್ತಿಗೆ, 1972ರಲ್ಲಿ, ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರ್ಕಿಯವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಸಂಕರಗೊಳಿಸಿ ವರಲಕ್ಷ್ಮಿಯೆಂಬ ಉದ್ದನೆಯ ಎಳೆಯ ತಳಿಯನ್ನು ಬಿಡುಗಡೆ ಮಾಡಿದರು. ನೀರೂ ಬಂದಿತು, ಬೀಜವೂ ಬಂದಿತು. ಅವುಗಳ ಬೆನ್ನಿಗೆ ಗೊಬ್ಬರದ ಸಾಲವೂ ಕೀಟನಾಶಕದ ಸಾಲವೂ ಬಂದುವು. ಹತ್ತಿಯ ಬೆಲೆ ಇಳಿದ ಸಮಯದಲ್ಲಿಯೇ, ನೀರಾವರಿಯಿಂದ ನಿಮ್ಮ ಭೂಮಿಯ ಬೆಲೆ ಏರಿದೆಯೆಂದು ಹೇಳಿ ಸರಕಾರವು ಅಭಿವೃದ್ಧಿ ಕರವನ್ನು ವಿಧಿಸಿದಾಗ ರೈತರು ಸಿಡಿದೆದ್ದರು. ಕಾಲುವೆಯ ನೀರು ತಲಪದ ಹೊಲಗಳಿಗೂ ಕರ ಬಿದ್ದಿದೆಯೆಂಬ ದೂರು ವ್ಯಾಪಕವಾಗಿದ್ದಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲೀಬಾರು ನಡೆದು ರೈತರು ಮಡಿದರು. ಆ ವರ್ಷವೇ ಕರ್ನಾಟಕ ರಾಜ್ಯ ರೈತ ಸಂಘವು ಜನ್ಮ ತಾಳಿತು. ಇಂದಿಗೂ ಪ್ರತಿ ವರ್ಷ ಆ ದಿನ ನರಗುಂದದ ವೀರಗಲ್ಲಿನ ಬಳಿ ರೈತರು ಸೇರುವರು. ಅಣೆಕಟ್ಟಿನ ಲೆಕ್ಕ ಬರೆದ ಇಂಜಿನಿಯರನ ಗಣಿತದಲ್ಲಿ ತಪ್ಪಿರಲಿಲ್ಲ. ಹತ್ತಿಯ ಪೇಟೆಯೂ ಸಾಲದ ಬಡ್ಡಿಯೂ ಆ ಗಣಿತದಲ್ಲಿ ಸೇರಿರಲಿಲ್ಲ, ಅಷ್ಟೆ.

ಮಣ್ಣೂ ಸೇರಿರಲಿಲ್ಲವೆನ್ನಬಹುದು. ಎರೆಮಣ್ಣಿನ ಜೇಡಿಯು ನೀರು ಕುಡಿದು ಉಬ್ಬುವುದು, ಒಣಗಿ ಬಿರಿಯುವುದು, ಒಮ್ಮೆ ತುಂಬಿಕೊಂಡ ನೀರನ್ನು ಬೇಗ ಬಿಟ್ಟುಕೊಡದು. ಹಗುರ ನೀರಾವರಿಗೆಂದು ಯೋಜಿಸಿದ ನೆಲದಲ್ಲಿ ಹೆಚ್ಚು ನೀರಿನ ಬೆಳೆಗಳು ಬಂದು, ಬಸಿಗಾಲುವೆಗಳು ಸಾಲದೆ, ನೀರು ಮೇಲಕ್ಕೇರುತ್ತ ತನ್ನೊಡನೆ ಉಪ್ಪನ್ನೂ ತಂದಿತು. ನರಗುಂದ, ನವಲಗುಂದಗಳ ಎಷ್ಟೋ ಹೊಲಗಳು ರೈತರು ಹೇಳುವ ಸವಳು-ಜವಳಿಗೆ ತುತ್ತಾದುವು. ಪಟ್ಟಣದ ಅಡಿಯಲ್ಲಿಯೂ ನೀರು ಏರಿದಾಗ, ಒಣ ಗರಸನ್ನು ನಂಬಿ ತೋಡಿದ್ದ ಹಗೇವುಗಳ ಗೋಡೆಗಳು ಮೆತ್ತಗಾಗಿ ಕಳಚತೊಡಗಿದುವು. ನೆಲದೊಳಗನ್ನು ರೇಡಾರಿನ ಅಲೆಗಳಿಂದ ಶೋಧಿಸುವ ಉಪಕರಣಗಳು ಈಗ ಉಂಟು. ಆದರೆ ತೊಯ್ದ ಜೇಡಿಯಲ್ಲಿ ಆ ಅಲೆಗಳು ಆಳಕ್ಕೆ ಹೋಗಲಾರವಾದುದರಿಂದ, ಯಾವ ಮನೆಯಲ್ಲಿ ಹಗೇವು ಇದ್ದಿತೆಂದು ಹೇಳಬಲ್ಲ ಮುದುಕಿಯನ್ನು ವಿಚಾರಿಸುವುದು ಇಂದಿಗೂ ತೀರ ಹಿಂದುಳಿದ ವಿಧಾನವಾಗಿಲ್ಲ.

ಕಾಳು, ನೀರುಗಳ ಬಳಿಕ ಗಾಳಿಯನ್ನು ಕೂಡಿಡುವ ಪ್ರಶ್ನೆಗಾಗಿ ಈಗ ಗಜೇಂದ್ರಗಡದ ಕಡೆಗೆ ಬರೋಣ. ಕೋಟೆಯ ಗುಡ್ಡದಿಂದ ಸುತ್ತ ಕಣ್ಣು ಹಾಯಿಸಿದರೆ ದಿಬ್ಬದ ಸಾಲಿನಲ್ಲಿ ಬಿಳಿಯ ಗಾಳಿಯಂತ್ರಗಳು ತಿರುಗುತ್ತಿರುವುದು ಕಾಣುವುದು. ಜನರ ಬಾಯಲ್ಲಿ ಅವು ಬರಿಯ ಫ್ಯಾನುಗಳು. ಸಹ್ಯಾದ್ರಿಯ ಮೇಲೆ ತನ್ನ ಮಳೆಯನ್ನೆಲ್ಲ ಸುರಿದು ಬರಿಗೈಯಲ್ಲಿ ಬಯಲಿಗೆ ಇಳಿಯುವ ಪಡುವಣ ಗಾಳಿಯನ್ನು ಇಲ್ಲಿಯ ರೈತನು ತಲೆಮಾರುಗಳಿಂದ ಶಪಿಸುತ್ತ ಬಂದವನು. ಆ ಗಾಳಿಯೇ ಇಂದು ಬೆಲೆಯುಳ್ಳ ಸರಕಾಗಿದೆ. ಗಾಳಿಯ ವೇಗವು ಎರಡರಷ್ಟಾದರೆ ಅದರಲ್ಲಿ ಅಡಗಿರುವ ಶಕ್ತಿಯು ಎಂಟರಷ್ಟಾಗುವುದೆಂಬ ನಿಯಮದಿಂದಾಗಿ, ಮಳೆಗಾಲದ ಬಿರುಗಾಳಿಯ ಕೆಲವು ತಿಂಗಳುಗಳು ವರ್ಷದ ಉತ್ಪನ್ನದ ಬಹುಭಾಗವನ್ನು ಕೊಡುವುವು, ಉಳಿದ ಕಾಲದಲ್ಲಿ ರೆಕ್ಕೆಗಳು ಸೋಮಾರಿಯಾಗಿ ಸುತ್ತುವುವು.  

ಗಾಳಿಯ ಶಕ್ತಿಯಲ್ಲಿರುವ ಕೊರತೆಯೂ ಹಳೆಯದೇ: ಬಂದಾಗ ಹೇರಳ, ಬೇಕಾದಾಗ ಇಲ್ಲ. ಅದಕ್ಕಾಗಿ ಸವದತ್ತಿಯ ಬಳಿ ರೇಣುಕಾಸಾಗರದ ನೀರನ್ನೇ ಬಳಸುವ ಪಂಪ್ಡ್ ಸ್ಟೋರೇಜ್ ಯೋಜನೆಯೊಂದು ರೂಪುಗೊಂಡಿದೆ. ಗಾಳಿ, ಬಿಸಿಲುಗಳಿಂದ ವಿದ್ಯುತ್ತು ಹೆಚ್ಚಾದ ಹೊತ್ತಿನಲ್ಲಿ ಕೆಳಗಿನ ನೀರನ್ನು ಗುಡ್ಡದ ಮೇಲಿನ ಕೊಳಕ್ಕೆ ಏರಿಸುವುದು, ಸಂಜೆಯ ಬೇಡಿಕೆಯ ವೇಳೆಗೆ ಇಳಿಯಬಿಟ್ಟು ಟರ್ಬೈನನ್ನು ತಿರುಗಿಸುವುದು, ಇದರ ಕ್ರಮ. ಇಂತಹ ಸ್ಥಾವರಗಳಲ್ಲಿ ನೂರು ಯೂನಿಟ್ಟು ವ್ಯಯಿಸಿದರೆ ಮರಳಿ ದೊರೆಯುವುದು ಎಪ್ಪತ್ತೈದು, ಎಂಬತ್ತರಷ್ಟು ಮಾತ್ರ. ಹಗೇವಿನ ಅಂಚಿನ ಕಾಳೂ ಕೆಡುತ್ತಿದ್ದಿತಲ್ಲವೆ? ಗಾಳಿಯಂತ್ರದ ನೆರಳಿನಲ್ಲಿಯೇ ಹೊಲವುಳ್ಳ ರೋಣದ ರೈತನ ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ತಾಸು ತ್ರೀಫೇಸ್ ವಿದ್ಯುತ್ತು ಕೊಡುವುದು ಸರಕಾರದ ಕ್ರಮವಾಗಿದ್ದು, ಆ ಏಳು ತಾಸಿನಲ್ಲಿ ಕೆಲವು ನಡುರಾತ್ರಿಯಲ್ಲಿ ಬೀಳುವುದರಿಂದ ಹಾವು ಚೇಳುಗಳ ನಡುವೆ ಟಾರ್ಚು ಹಿಡಿದು ನೀರು ಹಾಯಿಸುವವರು ಈಗಲೂ ಇದ್ದಾರೆ. ಗಾಳಿಯನ್ನು ಕೂಡಿಡುವುದು ಸಾಧ್ಯವಾದ ಮೇಲೆ ಆ ಏಳು ತಾಸುಗಳನ್ನೆಲ್ಲ ಹಗಲಿಗೆ ತರಲು ಯಂತ್ರದ ಕಡೆಯಿಂದ ಅಡ್ಡಿಯಿರುವುದಿಲ್ಲ. ಜುಲೈ 21ರಂದು ವೀರಗಲ್ಲಿನ ಬಳಿ ಸೇರುವವರು ಮುಂದಿನ ವರ್ಷಗಳಲ್ಲಿ, ಮಲಪ್ರಭೆಗೆ ತಿರುಗಿಸಬೇಕೆಂದು ತಾವು ಬೇಡುತ್ತಿರುವ ಮಹದಾಯಿ ನದಿಯ ನೀರಿನೊಡನೆ ಇದನ್ನೂ ಕೇಳಬಹುದು.