ಮಾದಲಿ ಮಾಡೋಣ ಬನ್ನಿ

ಅಕ್ಕಂದಿರೇ, ಸಂಜೆ ಹೊತ್ತಿಗೆ ಮನೆಗೆ ಬೀಗರು ಬಂದರು. ಯಜಮಾನರು ಊರಲ್ಲಿಲ್ಲ. ಕೈಯಲ್ಲಿ ರೊಕ್ಕವಿಲ್ಲ. ಆಗ ಏನು ಮಾಡುತ್ತೇವೆ? ಹುಡುಗನನ್ನು ಅಂಗಡಿಗೆ ಓಡಿಸಿ ಉದ್ರಿ ತರಿಸುತ್ತೇವೆ. "ಮನ್ಯಾಗ ಏನೂ ಇಲ್ಲರೀ" ಅನ್ನುತ್ತೇವೆ. ಆದರೆ ಗೋಧಿ ಹಿಟ್ಟು ಇದೆ. ಬೆಲ್ಲ ಇದೆ. ಕೊಬ್ಬರಿ ಬಟ್ಟಲು ಇದೆ. ಮೊದಲೇ ಮಾದಲಿ ಮಾಡಿ ಇಟ್ಟಿದ್ದರೆ ಈ ಪಾಡು ಇರುತ್ತಿರಲಿಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲ ಕಡೆಗೂ ಮಾದಲಿ ಗೊತ್ತು. ಆದರೆ "ಅದು ಮದಿವಿ ಅಡಗಿ, ನಾಕು ಮಂದಿ ಬೇಕು" ಅಂತ ಬಿಟ್ಟಿದ್ದೇವೆ. ಮನೆಮಟ್ಟಿಗೆ ಮಾಡಲು ಒಬ್ಬರೇ ಸಾಕು.

4 ವಾಟಗ ಗೋಧಿ ಹಿಟ್ಟನ್ನು ಗಟ್ಟಿಯಾಗಿ ನಾದಿ. ದಪ್ಪ ಚಪಾತಿ ಲಟ್ಟಿಸಿ. ಸಣ್ಣ ಉರಿಯಲ್ಲಿ ಬೇಯಿಸಿ. ತುಂಡು ಮಾಡಿ ಮತ್ತೆ ಹಂಚಿನ ಮೇಲೆ ಹಾಕಿ ಹುರಿಯಿರಿ. ಮುರಿದರೆ ಟಕ್ ಅನ್ನಬೇಕು. ಇಲ್ಲಿ ಅವಸರ ಬೇಡ. ಒಳಗೆ ಹಸಿ ಉಳಿದರೆ ಬೂಸ್ಟು ಬರುತ್ತದೆ. ಒಮ್ಮೆ ನಾವೂ ಅವಸರ ಮಾಡಿದ್ದೆವು. ಮೂರನೇ ದಿನ ಡಬ್ಬಿ ತೆಗೆದರೆ ಮುಗ್ಗಲು ವಾಸನೆ. ಅಷ್ಟೂ ಚೆಲ್ಲಬೇಕಾಯಿತು. ಬೂಸ್ಟು ಬಂದದ್ದನ್ನು ಬಿಸಿ ಮಾಡಿ ತಿನ್ನಬಾರದು.

ಆರಿದ ಮೇಲೆ ಒಳಕಲ್ಲಿನಲ್ಲಿ ಕುಟ್ಟಿ. ಮಿಕ್ಸಿ ಇದ್ದರೆ ಮಿಕ್ಸಿ. ರವೆಯ ಹಾಗೆ ತರಿ ಇರಲಿ. 2 ವಾಟಗ ಪುಡಿ ಬೆಲ್ಲ, ಅರ್ಧ ವಾಟಗ ಹೆರೆದ ಒಣಕೊಬ್ಬರಿ, ಅರ್ಧ ವಾಟಗ ಪುಟಾಣಿ ಕೂಡಿಸಿ. ಹುರಿದ ಗಸಗಸಿ, ಏಲಕ್ಕಿ ಇದ್ದರೆ ಹಾಕಿ. ಇಲ್ಲದಿದ್ದರೂ ನಡೆಯುತ್ತದೆ. ಕೈಯಿಂದ ತಿಕ್ಕಿ ಕಲಸಿ. ಒಣ ಡಬ್ಬಿಯಲ್ಲಿ ತುಂಬಿ. ಎಂಟು ದಿನ ಇರುತ್ತದೆ. ಹಸಿ ಚಮಚ ಹಾಕಬೇಡಿ.

ಇನ್ನು ಹಣ್ಣು. ಅದನ್ನು ಡಬ್ಬಿಯಲ್ಲಿ ಕಲಸಬಾರದು. ಹಣ್ಣಿನ ನೀರಿಗೆ ಮಾದಲಿ ಕೆಡುತ್ತದೆ. ಉಣ್ಣಲು ಕುಳಿತಾಗ ತಾಟಿಗೆ ಮಾದಲಿ ಹಾಕಿ. ಮೇಲೆ ಬಾಳೆಹಣ್ಣು ಹೆಚ್ಚಿ ಹಾಕಿ. ಕಾಸಿದ ಹಾಲು, ಒಂದು ಚಮಚ ತುಪ್ಪ. ಬ್ಯಾಸಗಿಯಲ್ಲಿ ಮಾವಿನ ಹಣ್ಣು. ಐದು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ಹಲ್ಲಿಲ್ಲದ ಅಜ್ಜಿಗೂ ಸಲೀಸು.

ನಮ್ಮ ತರಗತಿಯಲ್ಲಿ ಒಬ್ಬ ತಾಯಿ ಕೇಳಿದರು. "ನನಗ ಸಕ್ಕರಿ ಬ್ಯಾನಿ ಐತ್ರಿ ಟೀಚರ. ಬೆಲ್ಲ ನಡೀತೈತಲ್ರಿ?" ಬಹಳ ಮಂದಿ ಹೀಗೇ ತಿಳಿದಿದ್ದಾರೆ. ಬೆಲ್ಲ, ಸಕ್ಕರೆ ಎರಡೂ ಕಬ್ಬಿನವೇ. ಬೆಲ್ಲ ತಿಂದರೂ ರಕ್ತದಲ್ಲಿ ಸಕ್ಕರೆ ಏರುತ್ತದೆ. ಅವರಿಗೆ ಒಂದು ಉಪಾಯ ಹೇಳಿದೆವು. ಬೆಲ್ಲ ಹಾಕುವ ಮೊದಲೇ ಒಂದು ಹಿಡಿ ಪುಡಿ ತೆಗೆದಿಡಿ. ಪುಟಾಣಿ, ಕೊಬ್ಬರಿ ಕೂಡಿಸಿ ಹಾಲಿನಲ್ಲಿ ಉಣ್ಣಿ. ಅದೂ ಒಂದೇ ಹಿಡಿ.

ಡಬ್ಬಿಗೆ ಚೀಟಿ ಅಂಟಿಸಿ ಮಾಡಿದ ತಾರೀಖು ಬರೆಯಿರಿ. ಎಲ್ಲರಿಗೂ ಬಡಿಸುವಷ್ಟರಲ್ಲಿ ಮಾಡಿದವಳಿಗೆ ಏನೂ ಉಳಿಯುವುದಿಲ್ಲ. ಇದು ನಮ್ಮೆಲ್ಲರ ಮನೆಯ ಕಥೆ. ಮೊನ್ನೆ ಒಬ್ಬ ಅಕ್ಕ ತಾರೀಖಿನ ಕೆಳಗೆ ಇನ್ನೊಂದು ಸಾಲು ಬರೆದರು. "ಅವ್ವನ ಪಾಲು ಒಂದು ವಾಟಗ." ಮಗ ಅದನ್ನು ಓದಿ ಡಬ್ಬಿ ಮುಚ್ಚಿಟ್ಟನಂತೆ.