ಅಂಗಳದಲ್ಲಿ ಮೊಳಕೆ: ಎಳೆಯ ಮಕ್ಕಳಿಗೆ ಬೀಜದ ಪಾಠ

ಮೂರರಿಂದ ಆರು ವರ್ಷದೊಳಗಿನ ಮಗುವಿಗೆ ತನ್ನ ಕೈಗಳೇ ಮೊದಲ ಪಠ್ಯಪುಸ್ತಕ. ಕಂಡುದನ್ನು ಮುಟ್ಟಬೇಕು, ಮುಟ್ಟಿದುದನ್ನು ಎತ್ತಬೇಕು, ಸುರಿಯಬೇಕು, ಅಗೆಯಬೇಕು ಎಂಬ ಹಂಬಲ ಈ ವಯಸ್ಸಿನ ಸಹಜ ಗುಣವಾಗಿದೆ. ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್ 1840ರಲ್ಲಿ ತನ್ನ ಶಿಶುಶಾಲೆಗೆ ‘ಮಕ್ಕಳ ತೋಟ’ ಎಂಬ ಅರ್ಥದ ‘ಕಿಂಡರ್‌ಗಾರ್ಟನ್’ ಎಂಬ ಹೆಸರನ್ನಿಟ್ಟು, ಮಕ್ಕಳು ತಾವೇ ಕೃಷಿ ಮಾಡುವ ಸಣ್ಣ ಪಾತಿಗಳಿಗೂ ಅಲ್ಲಿ ಸ್ಥಾನ ಕೊಟ್ಟನು.

ಹಳ್ಳಿಯ ಮಗು ಬಿತ್ತನೆ, ಕಳೆ ಕೀಳುವಿಕೆ, ಕೊಯ್ಲುಗಳನ್ನು ಹಿರಿಯರ ಜೊತೆಯಲ್ಲಿದ್ದು ಕಲಿಯುತ್ತದೆ. ನಗರದ ಮಗುವಿಗಾದರೋ ಕಾಳೆಂಬುದು ಅಂಗಡಿಯ ಪೊಟ್ಟಣದಿಂದ ಬರುವ ವಸ್ತು. ನವಿ ಮುಂಬಯಿಯ ಬೇಲಾಪುರದಂಥ ಊರುಗಳಲ್ಲಿ ಉದ್ಯೋಗವನ್ನರಸಿ ಬಂದು ನೆಲೆಸಿದ ಕನ್ನಡ ಕುಟುಂಬಗಳ ಅನೇಕ ಮಕ್ಕಳಿಗೆ ಅಜ್ಜನ ಹೊಲ ರಜೆಯ ದಿನಗಳಲ್ಲಿ ಮಾತ್ರ ಕಾಣಸಿಗುತ್ತದೆ. ಈ ಕೊರತೆಯನ್ನು ನೀಗಲು ಎಕರೆಗಟ್ಟಲೆ ಭೂಮಿ ಬೇಕಿಲ್ಲ. ಒಂದು ಅಂಗಳ ಅಥವಾ ಒಂದು ಕಿಟಕಿಯ ಕಟ್ಟೆ ಸಾಕು.

ಬೋರ್ಡಿಯ ಪ್ರಯೋಗ

ಅಂಗಳವನ್ನೇ ಶಾಲೆಯಾಗಿಸಬಹುದೆಂಬುದಕ್ಕೆ ಉತ್ತಮ ನಿದರ್ಶನ ದೊರೆಯುವುದು ಅಂದಿನ ಠಾಣೆ ಜಿಲ್ಲೆಯಲ್ಲೇ. ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರೊಡನೆ ದುಡಿದಿದ್ದ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಬೋರ್ಡಿ ಎಂಬ ಗ್ರಾಮದಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರವನ್ನು ಆರಂಭಿಸಿದರು. ಅನುತಾಯಿ ವಾಘ್ ಅವರು ಈ ಕಾರ್ಯದಲ್ಲಿ ಅವರಿಗೆ ಹೆಗಲು ಕೊಟ್ಟರು. ಬಡ ಕುಟುಂಬಗಳ ಮಕ್ಕಳು ಕೇಂದ್ರಕ್ಕೆ ಬರಲಾರದೆ ಹೋದಾಗ, ಕೇಂದ್ರವೇ ಅವರ ಕೇರಿಯ ಅಂಗಳಕ್ಕೆ ಹೋಯಿತು. ಮಾಂಟೆಸ್ಸೊರಿ ಪದ್ಧತಿಯ ದುಬಾರಿ ಉಪಕರಣಗಳ ಬದಲಿಗೆ ಕಾಳು, ಬೀಜ, ಎಲೆ, ಬೆಣಚುಕಲ್ಲುಗಳೇ ಬೋಧನೆಯ ಸಾಮಗ್ರಿಯಾದವು. ಮುಂದೆ ಕೇಂದ್ರವು ಸಮೀಪದ ಕೋಸಬಾಡ ಗುಡ್ಡಕ್ಕೆ ಸ್ಥಳಾಂತರಗೊಂಡಿತು. ದನ ಮೇಯಿಸುವ ಆದಿವಾಸಿ ಮಕ್ಕಳಿಗಾಗಿ ಅಲ್ಲಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಯಿತು. 2014ರಿಂದ ಈ ಪ್ರದೇಶ ಪಾಲ್ಘರ್ ಜಿಲ್ಲೆಗೆ ಸೇರಿದೆ.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಪ್ರಾರಂಭಿಸಿದಾಗ ಅದರ ಕೇಂದ್ರಗಳಿಗೆ ‘ಅಂಗನವಾಡಿ’ ಎಂಬ ಹೆಸರೇ ಬಂದಿತು. ಕರ್ನಾಟಕದಲ್ಲಿ ಈ ಯೋಜನೆ ಮೊದಲು ಜಾರಿಗೊಂಡುದು ತಿರುಮಕೂಡಲು ನರಸೀಪುರದಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಎಳೆಯ ಮಕ್ಕಳಿಗೆ ಆಟದ ಮೂಲಕ ಕಲಿಕೆಯನ್ನೇ ಪ್ರತಿಪಾದಿಸುತ್ತದೆ.

ಬೇಲಾಪುರದಲ್ಲಿಯೂ ಅಂಗಳದ ಕಲ್ಪನೆ ಹೊಸದಲ್ಲ. 1980ರ ದಶಕದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು ಇಲ್ಲಿ ರೂಪಿಸಿದ ವಸತಿ ಸಮುಚ್ಚಯದಲ್ಲಿ ಏಳೇಳು ಮನೆಗಳು ಒಂದೊಂದು ಚಿಕ್ಕ ಅಂಗಳದ ಸುತ್ತ ನಿಂತಿವೆ. ಕಾಲಕ್ರಮದಲ್ಲಿ ಅನೇಕ ಮನೆಗಳು ಮಾರ್ಪಟ್ಟಿವೆ; ಆದರೆ ನೆರೆಹೊರೆಯ ಮಕ್ಕಳು ಒಂದೆಡೆ ಕೂಡಿ ಆಡುವ ಜಾಗವಿರಬೇಕೆಂಬ ಆಶಯ ಇಂದಿಗೂ ಅನುಕರಣೀಯವಾದುದು.

ಆಡುತ್ತಾ ಕಲಿಯುವುದು

ಮೊದಲನೆಯ ಆಟ ಕಾಳು ಬೇರ್ಪಡಿಸುವುದು. ಕಡಲೆ, ಅಲಸಂದೆ, ಹುರುಳಿ, ಹೆಸರುಕಾಳುಗಳನ್ನು ಒಂದು ತಟ್ಟೆಯಲ್ಲಿ ಬೆರೆಸಿಕೊಟ್ಟರೆ ಮಕ್ಕಳು ಬಣ್ಣ, ಗಾತ್ರ, ನುಣುಪುಗಳನ್ನು ಗುರುತಿಸಿ ಬಟ್ಟಲುಗಳಿಗೆ ಹಾಕುತ್ತಾರೆ. ಎಣಿಕೆಯೂ ಇದರೊಡನೆ ಬರುತ್ತದೆ.

ಎರಡನೆಯದು ಮೊಳಕೆ. ರಾತ್ರಿ ನೆನೆಸಿದ ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದೆರಡು ದಿನಗಳಲ್ಲಿ ಬೇರು ಇಣುಕುತ್ತದೆ. ಗಾಜಿನ ಲೋಟದ ಒಳಬದಿಗೆ ಒದ್ದೆ ಕಾಗದವನ್ನಿಟ್ಟು, ಅದಕ್ಕೂ ಗಾಜಿಗೂ ನಡುವೆ ಅಲಸಂದೆಯನ್ನು ಸಿಕ್ಕಿಸಿದರೆ ಬೇರು ಕೆಳಕ್ಕೂ ಕುಡಿ ಮೇಲಕ್ಕೂ ಸಾಗುವುದು ಕಣ್ಣಿಗೆ ಕಾಣುತ್ತದೆ. ಕಾಳನ್ನು ತಲೆಕೆಳಗಾಗಿ ಇಟ್ಟರೂ ಬೇರು ಬಾಗಿ ಕೆಳಗೇ ಇಳಿಯುತ್ತದೆ. ಇನ್ನೊಂದು ಲೋಟಕ್ಕೆ ನೀರು ಹಾಕದೆ, ಮತ್ತೊಂದನ್ನು ಕತ್ತಲೆಯ ಕಪಾಟಿನಲ್ಲಿರಿಸಿ ಹೋಲಿಸಬೇಕು. ನೀರಿಲ್ಲದ ಕಾಳು ಮೊಳೆಯುವುದಿಲ್ಲ; ಕತ್ತಲೆಯ ಸಸಿ ಉದ್ದವಾಗಿ ಬೆಳೆದರೂ ಬಿಳಿಚಿಕೊಂಡಿರುತ್ತದೆ. ಕಾರಣವನ್ನು ಹಿರಿಯರು ಕೂಡಲೇ ಹೇಳಿಬಿಡದೆ ‘ಏಕೆ ಹೀಗಾಯಿತು?’ ಎಂದು ಕೇಳುವುದು ಲೇಸು.

ಮೂರನೆಯದು ಬಿತ್ತನೆ. ಒಡೆದ ಬಕೆಟ್ಟಿನಲ್ಲಿ ಬಿತ್ತಿದ ಮೆಂತ್ಯ ಮೂರು ನಾಲ್ಕು ವಾರಗಳಲ್ಲಿ ಸೊಪ್ಪಾಗುತ್ತದೆ. ಪ್ರತಿ ಮಗುವಿಗೂ ತನ್ನದೇ ಕುಂಡವಿದ್ದು, ಅದರ ಮೇಲೆ ತಾನೇ ಬರೆದ ಚಿತ್ರದ ಗುರುತಿರಲಿ. ತಾನು ಬೆಳೆದ ಸೊಪ್ಪಿನ ಪಲ್ಯವನ್ನು ತಿನ್ನಲು ಮಗುವೂ ಸಾಮಾನ್ಯವಾಗಿ ಉತ್ಸಾಹ ತೋರುತ್ತದೆ.

ಮೊಳೆಯಿತೇ ಎಂದು ನೋಡಲು ಮಕ್ಕಳು ಬೀಜವನ್ನು ಅಗೆದು ತೆಗೆಯುವುದುಂಟು. ಗದರಿಸಬಾರದು, ಅಗೆದು ನೋಡುವುದಕ್ಕೆಂದೇ ನಾಲ್ಕು ಕಾಳು ಹೆಚ್ಚಾಗಿ ಬಿತ್ತಬೇಕು. ಸಸಿ ಬಾಡಿ ಸತ್ತರೆ ಮಗುವಿಗೆ ತಿಳಿಯದಂತೆ ಹೊಸದನ್ನು ನೆಡುವುದೂ ಸರಿಯಲ್ಲ. ನೀರು ಮರೆತರೆ ಗಿಡ ಉಳಿಯದೆಂಬ ತಿಳಿವು, ಮತ್ತೆ ಬಿತ್ತಬಹುದೆಂಬ ಧೈರ್ಯ, ಇವೆರಡೂ ಈ ಪಾಠದ ತಿರುಳು.

ಋತುವಿಗೆ ತಕ್ಕಂತೆ

ಬೇಲಾಪುರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿರುಸು. ಆಗ ಕುಂಡಗಳನ್ನು ಸೂರಿನಡಿ ಇರಿಸಬೇಕು, ತಳದಲ್ಲಿ ರಂಧ್ರಗಳಿರಬೇಕು, ಸೊಳ್ಳೆಗಳು ಹುಟ್ಟದಂತೆ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು. ಆಮೇಲೆ ಬರುವ ನವರಾತ್ರಿ ಬಿತ್ತನೆಗೆ ಒಳ್ಳೆಯ ಸಂದರ್ಭ. ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಘಟಸ್ಥಾಪನೆಯ ದಿನ ಧಾನ್ಯವನ್ನು ಮಣ್ಣಿನಲ್ಲಿ ಬಿತ್ತುವ ಸಂಪ್ರದಾಯವಿದೆ. ಒಂಬತ್ತು ದಿನಗಳ ಬೆಳವಣಿಗೆಯನ್ನು ದಿನವೂ ಒಂದು ದಾರದಿಂದ ಅಳೆದು ಗೋಡೆಗೆ ಅಂಟಿಸಿದರೆ ಅಕ್ಷರ ಬಾರದ ಮಗುವೂ ಬೆಳವಣಿಗೆಯ ಲೆಕ್ಕವನ್ನು ಓದಬಲ್ಲುದು.

ಗಮನಿಸಬೇಕಾದ ಅಂಶಗಳು

ಮಕ್ಕಳು ಕಾಳನ್ನು ಮೂಗು, ಕಿವಿಗಳಿಗೆ ತೂರಿಸಿಕೊಳ್ಳುವ ಅಥವಾ ಅದು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಹಿರಿಯರೊಬ್ಬರು ಸದಾ ಬಳಿಯಲ್ಲಿರಬೇಕು. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳ ಕೈಗೆ ಕಾಳು ಕೊಡಬಾರದು. ಗುಲಗಂಜಿ, ಹರಳು ಬೀಜಗಳು ವಿಷಕಾರಿಯಾದುದರಿಂದ ಅವುಗಳನ್ನು ಬಳಸಲೇಬಾರದು. ಬಿತ್ತನೆಗೆಂದು ಮಾರುವ ಬೀಜಕ್ಕೆ ಔಷಧ ಲೇಪಿಸಿರಬಹುದು. ಅಡುಗೆಮನೆಯ ಕಾಳೇ ಕ್ಷೇಮ. ಮಣ್ಣಿನ ಆಟ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯುವುದು ಕಡ್ಡಾಯವಾಗಲಿ.

ಒಂದು ಹಿಡಿ ಕಾಳು, ಒಂದು ಬೊಗಸೆ ಮಣ್ಣು, ಜೊತೆಗೆ ಕುಳಿತು ನೋಡುವ ಹಿರಿಯರ ತಾಳ್ಮೆ, ಇಷ್ಟಿದ್ದರೆ ಈ ಪಾಠವನ್ನು ಯಾವ ಮನೆಯಲ್ಲಾದರೂ ನಾಳೆಯೇ ಆರಂಭಿಸಬಹುದು. ಅನ್ನವು ಎಲ್ಲಿಂದ ಬರುತ್ತದೆಂಬುದನ್ನು ತನ್ನ ಕೈಯಿಂದಲೇ ಅರಿತ ಮಗು ಮಣ್ಣನ್ನೂ ನೀರನ್ನೂ ರೈತನ ದುಡಿಮೆಯನ್ನೂ ಗೌರವಿಸಲು ಕಲಿಯುತ್ತದೆ.